ಹೈಡನ್ ಅವರನ್ನು ಮಕ್ಕಳಿಗೆ ಪರಿಚಯಿಸುವಾಗ

ಧರ್ಮೋಪದೇಶಕ್ಕೆ ಬರುವ ಮಕ್ಕಳಿಗೆ ಸಂಗೀತ ರಚನಕಾರ ಜೋಸೆಫ್ ಹೈಡನ್ ಕಥೆ ಹೇಳುವಾಗ ಅವರು ಹುಟ್ಟಿದ ಇಸವಿಯಿಂದ ನಾನು ಶುರು ಮಾಡುವುದಿಲ್ಲ. ಮಕ್ಕಳನ್ನು ಅರ್ಧವೃತ್ತದಲ್ಲಿ ಕೂರಿಸಿ, ಒಬ್ಬೊಬ್ಬರ ಮುಂದೆಯೂ ಒಂದು ಮೇಣದಬತ್ತಿ ಹಚ್ಚಿಡಿ. ವಾದ್ಯವೃಂದಕ್ಕಾಗಿ ಅವರು ಬರೆದ 1772ರ ‘ವಿದಾಯ’ ಸಿಂಫನಿಯ ಕೊನೆಯ ಭಾಗ ಹಾಕಿ. ವೇಗ ನಿಂತು ನಿಧಾನಗತಿ ಬಂದಾಗ ಒಬ್ಬೊಬ್ಬರೇ ಬತ್ತಿ ಆರಿಸಿ ಎದ್ದು ಹೋಗಲಿ. ಕೊನೆಗೆ ಎರಡೇ ಪಿಟೀಲು ಕೇಳುತ್ತವೆ, ಇಬ್ಬರೇ ಉಳಿದಿರಬೇಕು. ಆಮೇಲೆ ಕಾರಣ ಹೇಳಿ: ಹೈಡನ್ ಮತ್ತು ವಾದಕರು ಕೆಲಸಕ್ಕಿದ್ದ ಎಸ್ಟರ್‌ಹಾಜಿ ಮನೆತನದ ರಾಜಕುಮಾರ ಬೇಸಿಗೆಯ ಅರಮನೆ ಬಿಟ್ಟು ಕದಲಿರಲಿಲ್ಲ, ವಾದಕರಿಗೋ ಹೆಂಡತಿ ಮಕ್ಕಳನ್ನು ನೋಡುವ ತವಕ. ವಾದಕರು ಹೀಗೆ ಒಬ್ಬೊಬ್ಬರಾಗಿ ಎದ್ದು ಹೋಗುವಂತೆ ಬರೆದು, ಹೈಡನ್ ಆ ವಾದಕರ ಪರವಾಗಿ ಸಂಗೀತದಲ್ಲೇ ಅರಿಕೆ ಮಾಡಿಕೊಂಡರು. ಬಲಹೀನರ ಪರ ನಿಲ್ಲುವುದು ಹೇಗೆಂದು ಮಕ್ಕಳಿಗೆ ಬೇರೆ ಪಾಠ ಬೇಕಿಲ್ಲ.

ಈಗ ಅವರೇ ಕೇಳುತ್ತಾರೆ, ಯಾರೀತ ಅಂತ. 1732, ಆಸ್ಟ್ರಿಯದ ರೋರಾವ್ ಹಳ್ಳಿ, ಗಾಡಿಚಕ್ರ ಮಾಡುವವರ ಮಗ, ವಿಯೆನ್ನಾದ ಸಂತ ಸ್ಟೀಫನರ ದೇವಾಲಯದ ಗಾನವೃಂದದ ಹುಡುಗ. ಇಷ್ಟು ಸಾಕು.

ನಿಧಾನಿಸಬೇಕಾದ್ದು ಹಸ್ತಪ್ರತಿಗಳ ಹತ್ತಿರ. ಮೇಲ್ಗಡೆ ‘ಪ್ರಭುವಿನ ನಾಮದಲ್ಲಿ’, ಕೊನೆಯಲ್ಲಿ ‘ದೇವರಿಗೆ ಸ್ತುತಿ’ ಎಂದು ಲ್ಯಾಟಿನ್‌ನಲ್ಲಿ ಬರೆಯುತ್ತಿದ್ದರು. ರಚನೆ ಮುಂದೆ ಸಾಗದಿದ್ದರೆ ಜಪಸರ ಹಿಡಿದು ಕೋಣೆಯಲ್ಲಿ ಅಡ್ಡಾಡುತ್ತಿದ್ದರು. ಅವರನ್ನು ಸಂತರನ್ನಾಗಿ ಮಾಡಬೇಡಿ, ಅವರ ಸಂಸಾರ ಸುಖದ್ದಾಗಿರಲಿಲ್ಲ. ದೊಡ್ಡ ಮಕ್ಕಳಿಗೆ ಅದನ್ನೂ ಹೇಳಬಹುದು.

ಮುಂದಿನ ವಾರಕ್ಕೆ ಗಾಯಕರಿಗೂ ವಾದ್ಯವೃಂದಕ್ಕೂ ಹೈಡನ್ ರಚಿಸಿದ ‘ಸೃಷ್ಟಿ’ ಇರಲಿ, 1798ರಲ್ಲಿ ವಿಯೆನ್ನಾದಲ್ಲಿ ಮೊದಲು ಹಾಡಿದ್ದು. ಒಂದು ಮಗು ಬೈಬಲಿನ ಆದಿಕಾಂಡದ ಮೊದಲ ಮೂರು ವಚನ ಓದಲಿ. ನಂತರ ಹಾಕಿ. ‘ಬೆಳಕು’ ಎಂಬಲ್ಲಿ ಇಡೀ ವಾದ್ಯವೃಂದ ಒಮ್ಮೆಲೇ ಮೊಳಗುತ್ತದೆ. ಆಗ ಸ್ಪೀಕರ್ ಸದ್ದು ತಗ್ಗಿಸಬೇಡಿ.