ಹಳದಿ ಮೇಲಿನ ಕೆಂಪು ಅಕ್ಷರ ಯಾಕೆ ಮಸುಕಾಗುತ್ತದೆ: ಯಾವ ಕೆಲಸಕ್ಕೆ ಯಾವ ಫೈಲ್

ಗವಿಮಠದ ಜಾತ್ರೆ ಹತ್ತಿರ ಬಂತೆಂದರೆ ಕೊಪ್ಪಳದಲ್ಲಿ ಫ್ಲೆಕ್ಸ್ ಕೆಲಸ ಕೈತುಂಬ. ಹಳದಿ ಹಿನ್ನೆಲೆ, ಕೆಂಪು ಅಕ್ಷರ ಕೇಳುವವರೇ ಹೆಚ್ಚು. ಚಿತ್ರ ಕುಗ್ಗಿಸಿ ಇಡುವ ಜೆಪೆಗ್ (JPG) ಫೈಲ್ ಸೋಲುವುದೂ ಅಲ್ಲೇ. ಅದು ಚಿತ್ರವನ್ನು 8×8 ಪಿಕ್ಸೆಲ್‌ಗಳ ಚೌಕ ಮಾಡಿ, ಕಣ್ಣಿಗೆ ಅಷ್ಟಾಗಿ ಕಾಣದ ವಿವರ ಬಿಟ್ಟುಬಿಡುತ್ತದೆ. ಬೆಳಕಿನ ವಿವರಕ್ಕಿಂತ ಬಣ್ಣದ್ದನ್ನೇ ಜಾಸ್ತಿ ಬಿಡುತ್ತದೆ. ಬಹಳ ಸಲ ನಾಲ್ಕು ಪಿಕ್ಸೆಲ್‌ಗೆ ಒಂದೇ ಬಣ್ಣದ ಲೆಕ್ಕ. ಮುಖದ ಫೋಟೊದಲ್ಲಿ ಇದು ಗೊತ್ತಾಗುವುದಿಲ್ಲ. ‘ಗವಿಸಿದ್ಧೇಶ್ವರ’ ಎಂದು ಬರೆದು ಜೆಪೆಗ್ ಮಾಡಿ ಹಿಗ್ಗಿಸಿ ನೋಡಿ: ಕೆಂಪು ಹಳದಿಗೆ ಸೋರಿ ‘ದ್ಧೇ’ಯ ಒತ್ತಿನೊಳಗಿನ ಸಂದು ಮುಚ್ಚಿರುತ್ತದೆ, ಅಂಚಿನ ಸುತ್ತ ಕೊಳಕು ಚುಕ್ಕೆ.

ಅದಕ್ಕೇ ಅಕ್ಷರ, ಲೋಗೊಗಳನ್ನು ಡಿಸೈನ್ ಮಾಡುವ ಕೋರೆಲ್‌ಡ್ರಾದಲ್ಲಿ ಕೊನೆಯವರೆಗೂ ವೆಕ್ಟರ್ (ಪಿಕ್ಸೆಲ್ ಅಲ್ಲ, ಗೆರೆಗಳ ಲೆಕ್ಕ) ಆಗಿಯೇ ಇಡುತ್ತೇನೆ. ಫೈಲ್ ಬೇರೆ ಕಂಪ್ಯೂಟರಿಗೆ ಹೋಗುವುದಾದರೆ ಅಕ್ಷರಗಳನ್ನು ಕರ್ವ್ (ಫಾಂಟ್ ಬೇಡದ ಬರೀ ಆಕಾರ) ಮಾಡಲೇಬೇಕು; ಅಲ್ಲಿ ನಿಮ್ಮ ನುಡಿ ಫಾಂಟ್ ಇಲ್ಲದಿದ್ದರೆ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಕರ್ವ್ ಆದ ಮೇಲೆ ಕಾಗುಣಿತ ತಿದ್ದಲಾಗದು, ಮೊದಲೇ ಒಂದು ಪ್ರತಿ ತೆಗೆದಿಡಿ.

ಕೊನೆಗೆ ಪ್ರಿಂಟಿಗೆ ಸಿಎಂವೈಕೆ (ನಾಲ್ಕು ಶಾಯಿಗಳ ಬಣ್ಣದ ಲೆಕ್ಕ) ಇರುವ ಟಿಫ್ (TIFF) ಫೈಲ್. ಪಿಎನ್‌ಜಿ (PNG) ಫೈಲಿನಲ್ಲಿ ಸಿಎಂವೈಕೆ ಉಳಿಯುವುದೇ ಇಲ್ಲ. 10×6 ಅಡಿ ಫ್ಲೆಕ್ಸ್‌ಗೆ 72 ಡಿಪಿಐ (ಇಂಚಿಗೆ 72 ಚುಕ್ಕೆ) ಎಂದರೆ 8640×5184 ಪಿಕ್ಸೆಲ್, ಲೇಯರ್‌ಗಳನ್ನೆಲ್ಲ ಒಂದಾಗಿಸಿದರೂ ಸುಮಾರು 170 ಎಂಬಿ. ಎಲ್‌ಝಡ್‌ಡಬ್ಲ್ಯೂ ಕಂಪ್ರೆಶನ್ ಹಾಕಿ: ಒಂದೇ ಬಣ್ಣದ ಹಿನ್ನೆಲೆ ಇದ್ದರೆ ಫೈಲ್ ಚೆನ್ನಾಗಿ ಇಳಿಯುತ್ತದೆ, ಒಂದು ಚುಕ್ಕೆಯೂ ಕಳೆಯುವುದಿಲ್ಲ. ರಸ್ತೆಯ ಆಚೆಯಿಂದ ನೋಡುವುದಕ್ಕೆ 72 ಸಾಕು. ಕೈಯಲ್ಲಿ ಹಿಡಿಯುವ ಲಗ್ನಪತ್ರಿಕೆಗೆ 300 ಬೇಕು.

ಕಿನ್ನಾಳದ ಗೊಂಬೆಯ ಫೋಟೊಗೆ ಮಾತ್ರ ಜೆಪೆಗ್ಗೇ ಸರಿ, ಕ್ವಾಲಿಟಿ 85ರಿಂದ 90. ಪಿಎನ್‌ಜಿ ಮಾಡಿದರೆ ಫೈಲ್ ಹಲವು ಪಟ್ಟು ಉಬ್ಬುತ್ತದೆ, ನೋಡುವವರಿಗೆ ವ್ಯತ್ಯಾಸ ಕಾಣದು. ತಿದ್ದಿ ಸೇವ್ ಮಾಡಿದಷ್ಟೂ ಜೆಪೆಗ್ ಸವೆಯುತ್ತದೆ. ಕ್ಯಾಮೆರಾದ ಮೂಲ ಫೈಲ್ ಮುಟ್ಟದೆ ನಕಲಿನಲ್ಲೇ ಕೆಲಸ ಮಾಡಿ. ಸವೆದದ್ದನ್ನು ಪಿಎನ್‌ಜಿಗೆ ಬದಲಿಸಿದರೆ ಹೋದದ್ದು ವಾಪಸ್ ಬರುವುದಿಲ್ಲ. ವೆಬ್‌ಸೈಟಿಗೆ 1200 ಪಿಕ್ಸೆಲ್ ಅಗಲದ ವೆಬ್‌ಪಿ (WebP) ಫೈಲ್ ಹಗುರ. ಹಿನ್ನೆಲೆ ಇಲ್ಲದ ಲೋಗೊಗೆ ಪಿಎನ್‌ಜಿ. ಜೆಪೆಗ್ ಕೊಟ್ಟರೆ ಬಿಳಿ ಡಬ್ಬಿ ಜೊತೆಗೇ ಬರುತ್ತದೆ.

ಆನ್‌ಲೈನ್ ಅರ್ಜಿಯಲ್ಲಿ 50 ಕೆಬಿ ಕೇಳಿದರೆ ಕ್ವಾಲಿಟಿ ಹಿಂಡುವ ಮೊದಲು ಅಳತೆ ಇಳಿಸಿ. 35×45 ಮಿ.ಮೀ. ಫೋಟೊ 300 ಡಿಪಿಐನಲ್ಲಿ 413×531 ಪಿಕ್ಸೆಲ್ ಅಷ್ಟೇ.

ವಾಟ್ಸಾಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಅದು ಕುಗ್ಗಿಸಿ ಮತ್ತೊಮ್ಮೆ ಜೆಪೆಗ್ ಮಾಡುತ್ತದೆ. ಪ್ರಿಂಟಿಗೆ ಬರಬೇಕಾದದ್ದನ್ನು ಡಾಕ್ಯುಮೆಂಟ್ ಎಂದೇ ಕಳಿಸಲು ಹೇಳಿ, ಬಂದ ಮೇಲೆ ಪಿಕ್ಸೆಲ್ ಎಣಿಕೆ ನೋಡಿಯೇ ಕೆಲಸ ಒಪ್ಪಿಕೊಳ್ಳಿ.