ಹಳೆಯ ಗಿಡ್ಡ ರಿವಾಲ್ವರ್: ಹೊಳಪಿಗೆ ಮರುಳಾಗಬೇಡಿ, ಸಿಲಿಂಡರ್ ನೋಡಿ

ಅಮೆರಿಕದ ಗನ್ ಶೋಗಳಲ್ಲಿ ಒಂದೇ ತಪ್ಪು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಎರಡಿಂಚು ನಳಿಗೆಯ ಹಳೆಯ ಕೋಲ್ಟ್ ರಿವಾಲ್ವರ್ ಒಂದನ್ನು ಕೈಗೆತ್ತಿಕೊಂಡವರು ಅದನ್ನು ಬೆಳಕಿಗೆ ಹಿಡಿದು ನೀಲಿ ಬಣ್ಣ ನೋಡುತ್ತಾರೆ, ನಳಿಗೆಯೊಳಗೆ ಇಣುಕುತ್ತಾರೆ, ಆಮೇಲೆ ನೇರವಾಗಿ ಬೆಲೆಯ ಮಾತಿಗೆ ಇಳಿಯುತ್ತಾರೆ. ಗುಂಡು ತುಂಬುವ ತಿರುಗು ಉರುಳೆ, ಅಂದರೆ ಸಿಲಿಂಡರ್, ಸರಿಯಾದ ಗಳಿಗೆಗೆ ಬಂದು ನಿಲ್ಲುತ್ತದೆಯೇ ಎಂದು ಪರೀಕ್ಷಿಸುವವರು ತೀರಾ ಕಡಿಮೆ. ಬಣ್ಣ ಹೋದರೆ ಮತ್ತೆ ಹಾಕಿಸಬಹುದು. ಹಳೆಯ ಕೋಲ್ಟ್‌ನ ಸವೆದ ಒಳಭಾಗಗಳನ್ನು ಸರಿಮಾಡಬಲ್ಲ ಕುಶಲಕರ್ಮಿಗಳು ಈಗ ಬೆರಳೆಣಿಕೆಯಷ್ಟೇ ಉಳಿದಿದ್ದಾರೆ.

1. ಮೊದಲು ಕಾನೂನು

ಭಾರತದಲ್ಲಿ 2019ರ ತಿದ್ದುಪಡಿಯ ನಂತರ ಪರವಾನಗಿ ಇದ್ದವರೂ ಸಾಮಾನ್ಯವಾಗಿ ಎರಡಕ್ಕಿಂತ ಹೆಚ್ಚು ಬಂದೂಕು ಇಟ್ಟುಕೊಳ್ಳುವಂತಿಲ್ಲ. ಹಾಗಾಗಿ ಇದು ಹಳೆಯ ರಿವಾಲ್ವರ್ ಸಂಗ್ರಹಿಸಲು ಹೊರಟ, ಅಮೆರಿಕದಲ್ಲಿ ನೆಲೆಸಿದವರಿಗೆ ಬರೆದದ್ದು. ಅಲ್ಲಿಯೂ ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕು ಹೊಂದುವುದನ್ನು ಕೇಂದ್ರ ಕಾನೂನು ನಿಷೇಧಿಸಿದೆ. ಬೇಟೆ ಪರವಾನಗಿಯಂಥ ಕೆಲವೇ ವಿನಾಯಿತಿಗಳಿವೆ. ಗೆಳೆಯನ ಹೆಸರಲ್ಲಿ ಕೊಳ್ಳುವ ಅಡ್ಡದಾರಿ ಅಪರಾಧ, ಅತ್ತ ತಲೆಹಾಕಲೇಬೇಡಿ. ಗ್ರೀನ್ ಕಾರ್ಡ್ ಬಂದ ಮೇಲೆ ಈ ತೊಡಕು ಇರುವುದಿಲ್ಲ. 50 ವರ್ಷ ದಾಟಿದ, ಮೂಲರೂಪದಲ್ಲೇ ಉಳಿದ ಬಂದೂಕುಗಳಿಗೆ ಸಂಗ್ರಾಹಕರ ಪ್ರತ್ಯೇಕ ಪರವಾನಗಿ ಸಿಗುತ್ತದೆ: 30 ಡಾಲರ್, ಮೂರು ವರ್ಷದ ಅವಧಿ. ರಾಜ್ಯದ ನಿಯಮಗಳು ಇದರ ಮೇಲೆ ಬೇರೆ ಇರುತ್ತವೆ, ನಿಮ್ಮ ರಾಜ್ಯದ್ದನ್ನು ಓದಿಕೊಳ್ಳಿ.

2. ಎರಡು ಮನೆತನ ಗುರುತಿಸಿ

ಆರಂಭಕ್ಕೆ ಎರಡೇ ಸಾಕು: ಒಂದು ಕೋಲ್ಟ್, ಒಂದು ಸ್ಮಿತ್ ಅಂಡ್ ವೆಸನ್. ಹತ್ತು ಬಗೆಯ ಅಗ್ಗದ ಮಾಲು ಗುಡ್ಡೆ ಹಾಕುವುದಕ್ಕಿಂತ ಈ ಎರಡನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಹೆಚ್ಚು ಕಲಿಯುತ್ತೀರಿ.

ಕೋಲ್ಟ್ ಡಿಟೆಕ್ಟಿವ್ ಸ್ಪೆಷಲ್ ಬಂದದ್ದು 1927ರಲ್ಲಿ. .38 ಸ್ಪೆಷಲ್ ಗುಂಡು, ಆರು ಕೋಣೆಯ ಸಿಲಿಂಡರ್. ಎರಡನೇ ಮಹಾಯುದ್ಧಕ್ಕೆ ಮೊದಲಿನದರ ಮುಂಗುರಿ (ನಳಿಗೆಯ ತುದಿಯ ಗುರಿಮೊನೆ) ಅರ್ಧಚಂದ್ರಾಕಾರ, ನಂತರದ್ದರದು ಇಳಿಜಾರು. 1973ರ ಹೊತ್ತಿಗೆ ಖಾಲಿ ತೋಟಾ ಹೊರತಳ್ಳುವ, ನಳಿಗೆಯ ಅಡಿಯ ಎಜೆಕ್ಟರ್ ರಾಡ್‌ಗೆ ಲೋಹದ ಕವಚ ಬಂತು. ಅಲ್ಲಿಗೆ ಹಳೆಯ ಅಂದ ಮುಗಿಯಿತೆಂದೇ ನನ್ನ ಅಭಿಪ್ರಾಯ. ರಾಡ್ ತೆರೆದೇ ಇರುವ 1950-60ರ ದಶಕದ್ದನ್ನು ಹುಡುಕಿ. ಇದರ ಅಲ್ಯೂಮಿನಿಯಂ ತಮ್ಮ ಕೋಬ್ರಾ, 1950ರದ್ದು. ಉಕ್ಕಿನದು ಸುಮಾರು 600 ಗ್ರಾಂ ತೂಗಿದರೆ ಇದು 425 ಗ್ರಾಂ. 1963ರಲ್ಲಿ ಡಲ್ಲಾಸ್‌ನಲ್ಲಿ ಜಾಕ್ ರೂಬಿ, ಅಧ್ಯಕ್ಷ ಕೆನಡಿ ಹತ್ಯೆಯ ಆರೋಪಿ ಆಸ್ವಾಲ್ಡ್‌ನನ್ನು ಕೊಂದದ್ದು ಕೋಬ್ರಾದಿಂದಲೇ.

ಸ್ಮಿತ್ ಅಂಡ್ ವೆಸನ್‌ನ ಉತ್ತರ 1950ರ ಚೀಫ್ಸ್ ಸ್ಪೆಷಲ್. ಕೊಲರಾಡೊ ಸ್ಪ್ರಿಂಗ್ಸ್‌ನಲ್ಲಿ ನಡೆದ ಪೊಲೀಸ್ ಮುಖ್ಯಸ್ಥರ ಸಮ್ಮೇಳನದಲ್ಲಿ ಅವರೇ ಮತ ಹಾಕಿ ಆರಿಸಿದ ಹೆಸರದು. ಐದೇ ಗುಂಡು, ಹಾಗಾಗಿ ಸಿಲಿಂಡರ್ ತೆಳು. ಸಿಲಿಂಡರ್ ತೆರೆಯುವ ಲ್ಯಾಚ್ ಚಪ್ಪಟೆಯಾಗಿದ್ದರೆ ಅದು 1966ರ ಆಸುಪಾಸಿಗೆ ಮೊದಲಿನದು. ಕಂಪನಿಯ ನೂರನೇ ವರ್ಷಕ್ಕೆ, 1952ರಲ್ಲಿ ಬಂದ ಸೆಂಟೆನಿಯಲ್‌ನ ಹ್ಯಾಮರ್ (ಬಡಿದು ತೋಟಾ ಸಿಡಿಸುವ ಸುತ್ತಿಗೆ) ಪೂರ್ತಿ ಒಳಗೆ, ಹಿಡಿಯ ಹಿಂದೆ ಒತ್ತುಪಟ್ಟಿ: ಮುಷ್ಟಿ ಬಿಗಿಯಾಗಿ ಹಿಡಿಯದೆ ಗುಂಡು ಹಾರದು. 1955ರ ಬಾಡಿಗಾರ್ಡ್‌ನಲ್ಲಿ ಹ್ಯಾಮರ್‌ನ ತುದಿ ಮಾತ್ರ ಇಣುಕುತ್ತದೆ. ಜೇಬಿನ ಬಟ್ಟೆಗೆ ಸಿಕ್ಕದಂತೆ ಹೊರತೆಗೆಯುವುದು ಹೇಗೆ ಎಂಬ ಒಂದೇ ಪ್ರಶ್ನೆಗೆ ಇವು ಕೊಟ್ಟ ಬೇರೆಬೇರೆ ಉತ್ತರಗಳು.

3. ಸಿಲಿಂಡರ್ ಪರೀಕ್ಷೆ: ಎಡವುವುದು ಇಲ್ಲೇ

ಮಾರುವವರ ಅನುಮತಿ ಕೇಳಿ. ನಳಿಗೆಯನ್ನು ಜನರಿಲ್ಲದ ದಿಕ್ಕಿಗೆ ತಿರುಗಿಸಿ, ಸಿಲಿಂಡರ್ ತೆರೆಯಿರಿ. ಕೋಲ್ಟ್‌ನ ಲ್ಯಾಚ್ ಹಿಂದಕ್ಕೆ ಎಳೆಯಬೇಕು, ಸ್ಮಿತ್‌ನದು ಮುಂದಕ್ಕೆ ತಳ್ಳಬೇಕು. ಪ್ರತಿ ಕೋಣೆಯೂ ಖಾಲಿಯೇ ಎಂದು ಕಣ್ಣಾರೆ ನೋಡಿ, ಬೆರಳಿಟ್ಟು ಖಚಿತಪಡಿಸಿಕೊಳ್ಳಿ. ಮುಚ್ಚುವಾಗ ಎರಡೂ ಕೈ ಬಳಸಿ. ಸಿನಿಮಾದಲ್ಲಿ ಮಾಡುವಂತೆ ಮಣಿಕಟ್ಟು ಝಾಡಿಸಿ ಫಟ್ ಎಂದು ಮುಚ್ಚಿದರೆ ಸಿಲಿಂಡರ್ ಹೊತ್ತ ತೋಳು ಬಾಗುತ್ತದೆ. ಹಾಗೆ ಮಾಡಿ ತೋರಿಸುವ ವ್ಯಾಪಾರಿಯ ಬಳಿ ಏನನ್ನೂ ಕೊಳ್ಳಬೇಡಿ.

ಈಗ ಎಡಗೈಯ ಒಂದು ಬೆರಳನ್ನು ಸಿಲಿಂಡರ್ ಮೇಲೆ ಹಗುರವಾಗಿ ತಾಗಿಸಿ, ತುಸುವೇ ತಡೆಯೊಡ್ಡಿ. ಬಲ ಹೆಬ್ಬೆರಳಿನಿಂದ ಹ್ಯಾಮರನ್ನು ಬಹಳ ನಿಧಾನವಾಗಿ ಹಿಂದಕ್ಕೆ ಎಳೆಯಿರಿ. ಕಿವಿ ಅಲ್ಲೇ ಇರಲಿ. ಸಿಲಿಂಡರನ್ನು ಹಿಡಿದು ನಿಲ್ಲಿಸುವ ಬೀಗ ಅದರ ಮೇಲಿನ ಹಳ್ಳಕ್ಕೆ ಬಿದ್ದ ಸಣ್ಣ 'ಟಿಕ್' ಸದ್ದು ಹ್ಯಾಮರ್ ಪೂರ್ತಿ ಹಿಂದೆ ನಿಲ್ಲುವ ಮೊದಲೇ, ತಡವೆಂದರೆ ಅದರ ಜೊತೆಗೇ ಕೇಳಬೇಕು. ಹ್ಯಾಮರ್ ನಿಂತಾಯಿತು, ಸಿಲಿಂಡರ್ ಇನ್ನೂ ಕೂದಲೆಳೆಯಷ್ಟು ಹಿಂದೆಯೇ ಉಳಿದಿದೆ, ಬೆರಳಿಂದ ತಳ್ಳಿದ ಮೇಲೆ 'ಟಿಕ್' ಎಂದಿತು ಅಂದರೆ ಅದು ಸವೆದ ಬಂದೂಕು. ಪ್ರತಿ ಕೋಣೆಗೂ ಹೀಗೇ ಮಾಡಿ. ಉಳಿದವೆಲ್ಲ ಸರಿಯಿದ್ದು ಒಂದು ಮಾತ್ರ ಕೈಕೊಡುವುದು ಸಾಮಾನ್ಯ. ವೇಗವಾಗಿ ಎಳೆದರೆ ಸಿಲಿಂಡರ್ ತನ್ನ ಓಟದಲ್ಲೇ ಹಳ್ಳ ತಲುಪಿಬಿಡುತ್ತದೆ, ದೋಷ ಮುಚ್ಚಿಹೋಗುತ್ತದೆ. ವ್ಯಾಪಾರಿಗಳು ಯಾವಾಗಲೂ ಪಟಪಟನೆ ಎಳೆದೇ ತೋರಿಸುತ್ತಾರೆ.

ಮುಂದಿನದು ಅಲುಗಾಟ. ಮದ್ದಿಲ್ಲದ ಡಮ್ಮಿ ತೋಟಾ ಹಾಕಿ, ಟ್ರಿಗರ್ ಪೂರ್ತಿ ಎಳೆದು ಹ್ಯಾಮರ್ ಬಿದ್ದ ಮೇಲೂ ಬಿಡದೆ ಹಿಡಿದುಕೊಂಡು ಸಿಲಿಂಡರನ್ನು ಎಡಬಲಕ್ಕೆ ತಿರುಗಿಸಲು ನೋಡಿ. ಹಳೆಯ ಕೋಲ್ಟ್ ಮಿಸುಕಲೇಬಾರದು. ಆ ಕ್ಷಣದಲ್ಲಿ ಒಳಗಿನ ತಳ್ಳುಕಡ್ಡಿ ಸಿಲಿಂಡರನ್ನು ಒತ್ತಿ ಹಿಡಿದಿರುವಂತೆ ಅದನ್ನು ರೂಪಿಸಲಾಗಿದೆ, ತಿಜೋರಿ ಬಾಗಿಲಿನಷ್ಟು ಬಿಗಿ. ಆದರೆ ಒತ್ತುತ್ತಾ ಒತ್ತುತ್ತಾ ಸವೆಯುವುದೂ ಆ ಕಡ್ಡಿಯೇ. ಸ್ಮಿತ್‌ನಲ್ಲಿ ಇದೇ ಪರೀಕ್ಷೆಗೆ ತುಸು ಅಲುಗಾಟ ಇದ್ದೇ ಇರುತ್ತದೆ, ಅದು ದೋಷವಲ್ಲ. ಕೋಲ್ಟ್‌ನ ಅಳತೆಗೋಲು ಹಿಡಿದು ಒಳ್ಳೆಯ ಸ್ಮಿತ್‌ಗಳನ್ನು ತಿರಸ್ಕರಿಸುವವರನ್ನೂ, ಸ್ಮಿತ್‌ನ ಅಳತೆಗೋಲು ಹಿಡಿದು 'ಇಷ್ಟು ಅಲುಗಿದರೆ ಪರವಾಗಿಲ್ಲ' ಎಂದು ಕೆಟ್ಟ ಕೋಲ್ಟ್ ಮನೆಗೆ ಒಯ್ಯುವವರನ್ನೂ ನೋಡಿದ್ದೇನೆ.

ಇದಕ್ಕೆ ಹಿನ್ನೆಲೆಯಿದೆ. ಹಿಂದಿನಿಂದ ನೋಡಿದರೆ ಕೋಲ್ಟ್ ಸಿಲಿಂಡರ್ ಗಡಿಯಾರದ ದಿಕ್ಕಿಗೆ ತಿರುಗುತ್ತದೆ, ಸ್ಮಿತ್‌ನದು ವಿರುದ್ಧ ದಿಕ್ಕಿಗೆ. ಕೋಲ್ಟ್‌ನದು ತಿರುಗುತ್ತಾ ಫ್ರೇಮಿನೊಳಕ್ಕೇ ಒತ್ತಿಕೊಳ್ಳುವುದರಿಂದ ಹಿಂದಿನ ಒಂದು ಬೀಗ ಸಾಕಾಯಿತು. ಸ್ಮಿತ್‌ನದು ಹೊರಕ್ಕೆ ಒತ್ತುತ್ತದೆ. ಅದಕ್ಕೇ ಎಜೆಕ್ಟರ್ ರಾಡ್‌ನ ಮುಂತುದಿಯನ್ನೂ ನಳಿಗೆಯ ಅಡಿಯ ಗುಬುಟಿನಲ್ಲಿ ಸಿಕ್ಕಿಸಿದ್ದಾರೆ.

ಕೊನೆಗೆ ಸಿಲಿಂಡರನ್ನು ಹಿಂದೆ ಮುಂದೆ ತಳ್ಳಿ ನೋಡಿ. ಕಟಕಟ ಎಂದರೆ ಚೌಕಾಸಿಗೆ ಇಳಿಯಿರಿ, ಇಲ್ಲವೇ ಎದ್ದು ಬನ್ನಿ.

4. ಸಂಖ್ಯೆ, ಮೈಬಣ್ಣ, ಹಿಡಿ

ಸ್ಮಿತ್‌ನ ಸಿಲಿಂಡರ್ ತೆರೆದಾಗ ತೋಳಿನ ಸಂದಿಯಲ್ಲಿ ಕಾಣುವ ಅಂಕಿಯನ್ನೇ ಸೀರಿಯಲ್ ನಂಬರ್ ಎಂದು ಬರೆದುಕೊಳ್ಳುವವರು ಬಹಳ. ಅದು ಜೋಡಣೆಯ ಸಂಖ್ಯೆ, ಕಾರ್ಖಾನೆಯ ಒಳಗಿನ ಲೆಕ್ಕ. 1957ರಿಂದ ಮಾದರಿ ಸಂಖ್ಯೆಯೂ ಅಲ್ಲೇ ಬಂತು, ಚೀಫ್ಸ್ ಸ್ಪೆಷಲ್ 'ಮಾಡೆಲ್ 36' ಆಯಿತು. ಹಳೆಯವುಗಳ ನಿಜವಾದ ಸೀರಿಯಲ್ ಹಿಡಿಯ ತಳದ ಲೋಹದಲ್ಲಿದೆ. ಬಲಭಾಗದ ಮರದ ಹಿಡಿಯ ಒಳಮೈಯಲ್ಲಿ ಅದೇ ಸಂಖ್ಯೆ ಸಿಕ್ಕರೆ ಹಿಡಿ ಮೂಲದ್ದು. ಕೋಲ್ಟ್‌ನ ಸಂಖ್ಯೆ ಮಾತ್ರ ಸಿಲಿಂಡರ್ ತೆರೆದಲ್ಲೇ ಇದೆ.

ಬಣ್ಣ ಮತ್ತೆ ಹಾಕಿದ್ದಾರೆಯೇ? ಅಚ್ಚಿನ ಅಕ್ಷರಗಳ ಅಂಚು ಮಸುಕಾಗಿದ್ದರೆ, ಸ್ಕ್ರೂ ರಂಧ್ರದ ಬಾಯಿ ತಟ್ಟೆಯಂತೆ ತಗ್ಗಿದ್ದರೆ ಹೌದು. ಸ್ಮಿತ್‌ನ ಹ್ಯಾಮರ್, ಟ್ರಿಗರ್ ಮೂಲದಲ್ಲಿ ಕಂದು-ನೀಲಿ ಛಾಯೆಗಳ ಚಿತ್ತಾರದವು. ನಿಕಲ್ ಲೇಪದ ಬಂದೂಕಿನಲ್ಲಿ ಅವಕ್ಕೂ ನಿಕಲ್ ಬಳಿದಿದ್ದರೆ ಅದು ಹೊರಗಿನವರ ಕೆಲಸ.

ಟ್ರಿಗರ್ ಗಾರ್ಡ್‌ನ ಮುಂಭಾಗ ಕತ್ತರಿಸಿದ ಕೋಲ್ಟ್ ತೋರಿಸಿ 'ಫಿಟ್ಜ್ ಸ್ಪೆಷಲ್' ಎಂದು ಭಾರೀ ಬೆಲೆ ಹೇಳುವವರಿದ್ದಾರೆ. ಕೋಲ್ಟ್ ಕಂಪನಿಯ ಜಾನ್ ಹೆನ್ರಿ ಫಿಟ್ಜ್‌ಜೆರಾಲ್ಡ್ ಅಂಥವನ್ನು ಮಾಡಿದ್ದು ನಿಜ, ಗರಗಸ ಹಿಡಿದ ಯಾರು ಬೇಕಾದರೂ ಮಾಡಬಹುದೆಂಬುದೂ ಅಷ್ಟೇ ನಿಜ. ಕಾರ್ಖಾನೆಯ ದಾಖಲೆ ಪತ್ರವಿಲ್ಲದೆ ಒಂದು ಡಾಲರ್ ಕೂಡ ಹೆಚ್ಚು ಕೊಡಬೇಡಿ.

5. ಇಡುವುದು

ತೆಳುವಾಗಿ ಎಣ್ಣೆ ಸವರಿ, ಬೀಗ ಹಾಕಿದ ಪೆಟ್ಟಿಗೆಯಲ್ಲಿಡಿ. ಚರ್ಮದ ಹೋಲ್‌ಸ್ಟರ್‌ನಲ್ಲಿಟ್ಟು ಮರೆಯಬೇಡಿ, ಚರ್ಮ ತೇವ ಹಿಡಿದು ತುಕ್ಕು ತರಿಸುತ್ತದೆ. ಬಾಟಲಿಯಲ್ಲಿ ಸಿಗುವ ದಿಢೀರ್ ನೀಲಿ ದ್ರಾವಣ ಹಚ್ಚುವುದು ಬೇಡವೇ ಬೇಡ: ಕಲೆ ಕಲೆಯಾಗಿ ಉಳಿಯುತ್ತದೆ, ಬೆಲೆಯೂ ಇಳಿಯುತ್ತದೆ. ಅಮೋನಿಯಾ ಇರುವ ದ್ರಾವಣವನ್ನು ನಿಕಲ್ ಬಂದೂಕಿನ ಹತ್ತಿರ ತರಬೇಡಿ. ಗುರಿ ಅಭ್ಯಾಸಕ್ಕೆ ಒಯ್ಯುವುದಾದರೆ ಸಾಧಾರಣ .38 ಸ್ಪೆಷಲ್ ತೋಟಾ ಮಾತ್ರ ಬಳಸಿ, ಹೆಚ್ಚು ಒತ್ತಡದ '+ಪಿ' ತೋಟಾಗಳನ್ನು ಹಳೆಯ ಅಲ್ಯೂಮಿನಿಯಂ ಫ್ರೇಮಿಗೆ ಹಾಕಲೇಬಾರದು.