ರಕ್ತ ಇಲ್ದೆ ಸೊಳ್ಳೆ ಹೊಟ್ಟೆ ತುಂಬಿಸಿದ್ದು, ನನ್ನ ಅನುಭವ

ಲ್ಯಾಬ್‌ನಲ್ಲಿ ಸಾಕಿರೋ ಸೊಳ್ಳೆಗಳಿಗೆ ರಕ್ತದ ಬದಲು ಉಪ್ಪುನೀರು ಕುಡಿಸ್ತೀನಿ ಅಂದಾಗ, "ಉಪ್ಪುನೀರು ಕುಡಿಯೋಕೆ ಸೊಳ್ಳೆಗೇನು ಹುಚ್ಚಾ?" ಅಂತ ನಮ್ಮ ಸೀನಿಯರ್ ನಕ್ಕಿದ್ರು. ಮೊನ್ನೆ ಕೇಜ್ ತಗೊಂಡು ಹೋಗಿ ಅವರ ಮೇಜಿನ ಮೇಲೇ ಇಟ್ಟೆ. 100 ಏಡಿಸ್ ಈಜಿಪ್ಟೈ (ಡೆಂಗಿ ಹರಡೋ ಸೊಳ್ಳೆ) ಹೆಣ್ಣುಗಳಲ್ಲಿ ಹೆಚ್ಚುಕಮ್ಮಿ 80 ಹೊಟ್ಟೆ ಉಬ್ಬಿಸ್ಕೊಂಡು ಕೂತಿದ್ವು, ಕೆಂಪು ಅನ್ನೋದೇ ಇಲ್ಲ, ಗಾಜಿನ ಮಣಿ ತರ. ಲೆನ್ಸ್ ಹಿಡ್ದು ಎರಡು ಸಲ ಎಣಿಸಿದ್ರು, ಮಾತಿಲ್ಲ.

ಶುರುವಾಗಿದ್ದು ಹಳೇ ರಕ್ತದ ಗೋಳಿಂದ. ಫ್ರಿಜ್‌ನಲ್ಲಿದ್ದ ರಕ್ತ ಫೀಡರ್‌ಗೆ (ಸೊಳ್ಳೆಗೆ ಕುಡಿಸೋ ಪಾತ್ರೆ) ಹಾಕಿ 37 ಡಿಗ್ರಿಗೆ ತಂದ್ರೆ ಬರ್ತವೆ, ಅದರ ಬಾಯಿಗೆ ಚರ್ಮದ ಹಂಗೆ ಕಟ್ಟಿರೋ ಪ್ಯಾರಾಫಿಲ್ಮ್ ಅನ್ನೋ ತೆಳು ಹಾಳೆ ಮೇಲೆ ಕೂರ್ತವೆ, ಚುಚ್ಚಿ ನೋಡಿ ಎದ್ದು ಹೋಗ್ತವೆ. ಬಿಸಿ ಕರೀತಿದೆ, ಬಾಯಿಗೆ ಹಿಡಿಸ್ತಿಲ್ಲ ಅಷ್ಟೆ. ಅದಕ್ಕೇ ಒಂಚೂರು ಎಟಿಪಿ (ಜೀವಕೋಶಗಳು ಶಕ್ತಿಗೆ ಬಳಸೋ ಅಣು) ಬೆರೆಸಿದೆ ನೋಡಿ, ಅದೇ ರಕ್ತನ ಗಟಗಟ ಕುಡಿದ್ವು! ಇದೇನು ಹೊಸ ವಿಷಯ ಅಲ್ಲ, ಗಾಲುನ್ ಅನ್ನೋ ವಿಜ್ಞಾನಿಯ ತಂಡ 1963ರಲ್ಲೇ ಹೇಳಿದ್ದು. ಹಾಗಾದ್ರೆ ರಕ್ತನೇ ಬಿಟ್ರೆ ಹೆಂಗೆ ಅಂತ ತಲೆಗೆ ಹುಳ ಬಿತ್ತು.

ನೀರಿಗೆ 150 ಮಿಲಿಮೋಲಾರ್ (ದ್ರಾವಣ ಎಷ್ಟು ಗಟ್ಟಿ ಅನ್ನೋ ಅಳತೆ) ಉಪ್ಪು, ಅದೇ ಅಳತೇಲಿ 10ರ ಆಸುಪಾಸು ಬೈಕಾರ್ಬೊನೇಟ್, 1 ಎಟಿಪಿ. ಬರೆಯೋಕೆ ಇಷ್ಟೇ. ಮೊದಲ ಸಲ 5 ಕೂಡ ಕುಡೀಲಿಲ್ಲ, ಆಮೇಲೆ ಗೊತ್ತಾಗಿದ್ದು ಎಟಿಪಿ ಪುಡಿ ನೀರಿಗೆ ಹಾಕಿದ್ರೆ ಸ್ಟಾಕ್ (ಮೊದಲೇ ಮಾಡಿಟ್ಟ ಗಟ್ಟಿ ದ್ರಾವಣ) ಹುಳಿ ಆಗ್ಬಿಡುತ್ತೆ, ನಾನು ಪಿಎಚ್ ನೋಡೇ ಇರ್ಲಿಲ್ಲ. ಎರಡನೇ ಸಲ ಕೇಜ್‌ನಲ್ಲಿದ್ದ ಸಕ್ಕರೆ ನೀರಿನ ಹತ್ತಿ ತೆಗೆಯೋದೇ ಮರೆತೆ, ಹೊಟ್ಟೆ ತುಂಬಿದವು ಯಾಕೆ ಕುಡೀತವೆ. ಆಮೇಲಿಂದು ನೆನೆಸಿಕೊಂಡ್ರೆ ಈಗಲೂ ಹೊಟ್ಟೆ ಉರಿಯುತ್ತೆ, ಕಮ್ಮಿ ಬೀಳುತ್ತೆ ಅಂತ ದೊಡ್ಡ ಬಾಟಲ್ ಎಟಿಪಿ ತರ್ಸಿ, ಒಂದೇ ಡಬ್ಬಿ ಸ್ಟಾಕ್ ಮಾಡಿ, ಪ್ರತಿ ಸಲ ಕರಗಿಸೋದು ಮತ್ತೆ ಫ್ರೀಜ್ ಮಾಡೋದು, ಮೂರು ತಿಂಗಳಲ್ಲಿ ಅದು ನೀರಿಗೆ ಸಮ, ಆ ತಿಂಗಳ ಬಜೆಟ್ ಅಲ್ಲೇ ಮುಗೀತು. ಈಗ ಚಿಕ್ಕ ಚಿಕ್ಕ ಟ್ಯೂಬ್, ಮೈನಸ್ 20, ಒಂದು ತೆಗೆದ್ರೆ ಅದರಲ್ಲಿ ಉಳಿದಿದ್ದು ಚೆಲ್ಲೋದೇ. ಖರ್ಚು ಅರ್ಧಕ್ಕಿಂತ ಕಮ್ಮಿ ಆಯ್ತು. ಫಿಲ್ಮ್‌ಗೆ ನಾನು ಏನು ಸವರ್ತೀನಿ ಅಂತ ಎಲ್ರೂ ಕೇಳ್ತಾರೆ, ಅದು ಸದ್ಯಕ್ಕೆ ನನ್ನ ಹತ್ರನೇ ಇರ್ಲಿ.

ನಡುವೆ ಒಂದು ಚಪಲ, ಎಟಿಪಿ ಬದಲು ಅದರದೇ ತಮ್ಮನಂಥ ಎಎಂಪಿ ಹಾಕಿದೆ, ಮೂಸಿ ನೋಡಿದಂಗೆ ಮಾಡಿ ಬಿಟ್ವು. ಪಕ್ಕದ ಕೇಜ್‌ನ ಅನಾಫಿಲಿಸ್ ಸ್ಟೀಫೆನ್ಸೈಗೆ (ಮಲೇರಿಯಾ ಹರಡೋ ಸೊಳ್ಳೆ) ಎಟಿಪಿ ಇಲ್ದೆ ಬರೀ ಉಪ್ಪು-ಬೈಕಾರ್ಬೊನೇಟ್ ಇಟ್ರೂ ಕುಡಿದ್ವು, ಅವಕ್ಕೆ ಅಷ್ಟು ನಖರಾ ಇಲ್ಲ. ಇನ್ನೊಂದು, ಬಣ್ಣ ಹಾಕಿ ಕೊಯ್ದು ನೋಡಿದೆ, ಸಕ್ಕರೆ ನೀರು ಕುಡಿದವಕ್ಕೆ ಬಣ್ಣ ಮುಂದಿನ ಚೀಲದಲ್ಲಿ, ಎಟಿಪಿ ಉಪ್ಪುನೀರು ಕುಡಿದವಕ್ಕೆ ರಕ್ತ ಹೋಗೋ ಮಧ್ಯಕರುಳಲ್ಲಿ. ಅವು ಇದನ್ನ ರಕ್ತ ಅಂತಾನೇ ನುಂಗಿವೆ ಅನ್ನೋದಕ್ಕೆ ನನಗೆ ಇದಕ್ಕಿಂತ ಸಾಕ್ಷಿ ಬೇಡ.

ಮೊಟ್ಟೆ? ಒಂದೂ ಇಲ್ಲ, ಪ್ರೋಟೀನೇ ಇಲ್ವಲ್ಲ. ಈಗ ಆಲ್ಬುಮಿನ್ ಅನ್ನೋ ಪ್ರೋಟೀನ್ ಬೆರೆಸಿ ನೋಡ್ತಿದ್ದೀನಿ, ಹೋದ ವಾರ ಒದ್ದೆ ಪೇಪರ್ ಮೇಲೆ ಒಂದಿಪ್ಪತ್ತು ಕಪ್ಪು ಚುಕ್ಕೆ ಬಿದ್ದಿತ್ತು, ನೀರಿಗೆ ಹಾಕಿದ್ದೀನಿ, ಇನ್ನೂ ಒಡೆದಿಲ್ಲ.